ಮೆಡಿಟರೇನಿಯನ್ ತೀರದಲ್ಲಿ ನಾಲ್ಕೂವರೆ ತಿಂಗಳು: ವೀಸಾ ಬೇಡ, ಆದರೆ ದಿನಗಳ ಲೆಕ್ಕ?

ತೀರಯಾತ್ರಿ:

ಮಾನ್ಯರೇ, ನಾನೂ ನನ್ನ ಪತ್ನಿಯೂ ನಿವೃತ್ತರು. 2027ರ ಏಪ್ರಿಲ್ 10ರಿಂದ ಆಗಸ್ಟ್ 26ರವರೆಗೆ ಮೆಡಿಟರೇನಿಯನ್ ತೀರದ ಊರುಗಳನ್ನು ವಿಮಾನದ ಗೊಡವೆಯಿಲ್ಲದೆ, ಆದಷ್ಟೂ ಹಡಗಿನಲ್ಲೇ ಸುತ್ತಬೇಕೆಂದುಕೊಂಡಿದ್ದೇವೆ. ಇಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟ್ ಆಗಿರುವುದರಿಂದ ಈ ದೇಶಗಳಲ್ಲಿ ಎಲ್ಲಿಯೂ ಮುಂಚಿತವಾಗಿ ವೀಸಾ ಪಡೆಯಬೇಕಾಗಿಲ್ಲ ಎಂದು ತಿಳಿದಿದ್ದೇನೆ.

ಸದ್ಯದ ಯೋಜನೆ ಹೀಗಿದೆ: ಬಾರ್ಸಿಲೋನಾದಲ್ಲಿ ಇಳಿದು ಸ್ಪೇನಿನಲ್ಲಿ ಎರಡು ವಾರ, ಅಲ್ಲಿಂದ ಹಡಗಿನಲ್ಲಿ ಇಟಲಿಗೆ ಹೋಗಿ ರೋಮ್, ನೇಪಲ್ಸ್, ಸಿಸಿಲಿಗಳಲ್ಲಿ ನಾಲ್ಕು ವಾರ, ಮಾಲ್ಟಾದಲ್ಲಿ ಒಂದು ವಾರ, ಆಮೇಲೆ ಅಥೆನ್ಸ್, ಕ್ರೀಟ್, ರೋಡ್ಸ್ ಸೇರಿ ಗ್ರೀಸಿನಲ್ಲಿ ಒಂದು ತಿಂಗಳು. ಜೂನ್ 28ರಂದು ರೋಡ್ಸ್‌ನಿಂದ ಟರ್ಕಿಯ ಮರ್ಮರಿಸ್‌ಗೆ ದಾಟಿ, ಜುಲೈ 28ರಂದು ಬೋಡ್ರುಮ್‌ನಿಂದ ಕೋಸ್ ದ್ವೀಪಕ್ಕೆ ಮರಳುತ್ತೇವೆ. ಒಂದು ವಾರ ಗ್ರೀಸಿನಲ್ಲಿದ್ದು, ಉಳಿದ ಮೂರು ವಾರಗಳನ್ನು ಕ್ರೊಯೇಷಿಯಾದಲ್ಲಿ ಕಳೆದು ಮನೆಗೆ ಹೊರಡುವುದು. ತಮ್ಮೊಳಗಿನ ಗಡಿ ತಪಾಸಣೆಯನ್ನು ಕೈಬಿಟ್ಟ ಯುರೋಪಿನ ದೇಶಗಳ ಕೂಟವಾದ ಷೆಂಗೆನ್ ಪ್ರದೇಶದಲ್ಲಿ 180 ದಿನಗಳಲ್ಲಿ 90 ದಿನಗಳ ಮಿತಿಯಿದೆ ಎಂಬುದು ಗೊತ್ತಿದೆ. 2019ರಲ್ಲಿ ಕ್ರೊಯೇಷಿಯಾಕ್ಕೆ ಹೋದಾಗ ಅಲ್ಲಿನ ದಿನಗಳು ಆ ಲೆಕ್ಕಕ್ಕೆ ಸೇರಿರಲಿಲ್ಲವಾದ್ದರಿಂದ ಈ ಯೋಜನೆ ಮಿತಿಯೊಳಗೇ ಇದೆಯೆಂಬುದು ನನ್ನ ಎಣಿಕೆ. ಹಡಗಿನ ಟಿಕೆಟ್‌ಗಳನ್ನು ಕಾಯ್ದಿರಿಸುವ ಮೊದಲು ತಿಳಿದವರು ಒಮ್ಮೆ ನೋಡಿ ಹೇಳಿದರೆ ಉಪಕಾರವಾಗುತ್ತದೆ.

ದಿನಗಣಕ:

ತೀರಯಾತ್ರಿಯವರೇ, ಟಿಕೆಟ್ ಕೊಳ್ಳುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ಪ್ರದೇಶವನ್ನು ಸೇರಿತು, ಅದೇ ದಿನ ಯೂರೋ ನಾಣ್ಯವನ್ನೂ ತನ್ನದಾಗಿಸಿಕೊಂಡಿತು. ನಿಮ್ಮ 2019ರ ಅನುಭವ ಆಗ ಸರಿಯಾಗಿಯೇ ಇತ್ತು, ಈಗ ಅದು ಹಳೆಯ ನಕ್ಷೆ. ಕ್ರೊಯೇಷಿಯಾದ ಮೂರು ವಾರಗಳೂ 90 ದಿನಗಳ ಲೆಕ್ಕಕ್ಕೇ ಸೇರುತ್ತವೆ.

ಲೆಕ್ಕವನ್ನು ಬಿಡಿಸಿಯೇ ನೋಡೋಣ. ಒಳಬರುವ ದಿನ, ಹೊರಹೋಗುವ ದಿನ ಎರಡನ್ನೂ ಪೂರ್ಣ ದಿನಗಳೆಂದೇ ಎಣಿಸಬೇಕು. ರಾತ್ರಿ ಹನ್ನೊಂದಕ್ಕೆ ಇಳಿದರೂ ಆ ದಿನ ಖರ್ಚಾದಂತೆಯೇ. ಏಪ್ರಿಲ್ 10ರಿಂದ 30ರವರೆಗೆ 21, ಮೇ ತಿಂಗಳಲ್ಲಿ 31, ಜೂನ್ 28ರವರೆಗೆ 28, ಒಟ್ಟು 80 ದಿನಗಳು. ಟರ್ಕಿಯ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಜುಲೈ 28ಕ್ಕೆ ಮರಳಿದಾಗ ನಿಮ್ಮ ಕೈಯಲ್ಲಿ ಉಳಿದಿರುವುದು ಹತ್ತೇ ದಿನ. ಆಗಸ್ಟ್ 6ಕ್ಕೆ ಅವು ತೀರಿಹೋಗುತ್ತವೆ. ಆಗಸ್ಟ್ 26ರವರೆಗೆ ಉಳಿದರೆ ಮಿತಿಮೀರಿದ ವಾಸ 20 ದಿನಗಳಾಗುತ್ತದೆ.

ಸಂದೇಹಿ:

ಇಷ್ಟೊಂದು ಹೆದರಿಸುವ ಅಗತ್ಯವಿದೆಯೇ? ಷೆಂಗೆನ್ ಪ್ರದೇಶದಿಂದ ಹೊರಗೆ ಹೋಗಿಬಂದರೆ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಇವರು ಒಂದು ತಿಂಗಳು ಟರ್ಕಿಯಲ್ಲಿ ಇದ್ದು ಬರುತ್ತಾರಲ್ಲ.

ದಿನಗಣಕ:

ಸಂದೇಹಿಯವರೇ, ಆ ಮಾತನ್ನು ನಾನೂ ಕೇಳಿದ್ದೇನೆ. ಅದನ್ನು ನಂಬಿದವರು ಹಿಂದೆ ಹೇಗೋ ಪಾರಾಗಿದ್ದರೆ, ಪಾಸ್‌ಪೋರ್ಟಿನ ಮೊಹರುಗಳು ಮಾಸಿ, ಒಂದರ ಮೇಲೊಂದು ಬಿದ್ದು, ಅಧಿಕಾರಿಗೆ ಕೂಡಿಸಿ ನೋಡುವ ವ್ಯವಧಾನವಿಲ್ಲದ್ದರಿಂದ ಪಾರಾಗಿದ್ದಾರೆ. ನಿಯಮ ಅವರ ಪರವಾಗಿ ಇರಲಿಲ್ಲ. ಹೊರಗೆ ಹೋದರೆ ಎಣಿಕೆ ನಿಲ್ಲುತ್ತದೆಯೇ ಹೊರತು ಅಳಿಸಿಹೋಗುವುದಿಲ್ಲ.

180 ದಿನ ಎಂದರೆ ಕ್ಯಾಲೆಂಡರಿನ ಅರ್ಧ ವರ್ಷವಲ್ಲ, ನಿಮ್ಮ ಮೊದಲ ಪ್ರವೇಶದಿಂದ ಮುಂದಕ್ಕೆ ಎಣಿಸುವ ಅವಧಿಯೂ ಅಲ್ಲ. ನೀವು ಅಲ್ಲಿರುವ ಪ್ರತಿಯೊಂದು ದಿನವೂ ನಿಂತು ಹಿಂದಿರುಗಿ ನೋಡಬೇಕು: ಇಂದಿನ ದಿನವನ್ನೂ ಸೇರಿಸಿ ಕಳೆದ 180 ದಿನಗಳಲ್ಲಿ ಎಷ್ಟು ದಿನ ಇಲ್ಲಿದ್ದೆ? ಆ ಸಂಖ್ಯೆ ಯಾವ ದಿನವೂ 90ನ್ನು ದಾಟಬಾರದು. ದಿನಕ್ಕೊಂದು ಹೆಜ್ಜೆ ಮುಂದೆ ಸರಿಯುವ ಕಿಟಕಿಯೆಂದುಕೊಳ್ಳಿ. ಮುಂಭಾಗದಲ್ಲಿ ಹೊಸ ದಿನ ಒಳಬರುವಾಗ ಹಿಂಭಾಗದಲ್ಲಿ ಹಳೆಯ ದಿನವೊಂದು ಜಾರಿಹೋಗುತ್ತದೆ.

ಇದೇ ಉದಾಹರಣೆಯನ್ನು ಮುಂದುವರಿಸಿದರೆ, ಏಪ್ರಿಲ್ 10ರ ದಿನ ಆ ಕಿಟಕಿಯಿಂದ ಹೊರಬೀಳುವುದು ಅಕ್ಟೋಬರ್ 7ರಂದು. ಆಗಸ್ಟ್ 6ಕ್ಕೆ ಹೊರಟವರು ಅಕ್ಟೋಬರ್ 6ರವರೆಗೆ ಒಂದು ದಿನದ ಮಟ್ಟಿಗೂ ಒಳಬರುವಂತಿಲ್ಲ. ಕುತೂಹಲದ ಸಂಗತಿಯೆಂದರೆ, ಅಕ್ಟೋಬರ್ 7ಕ್ಕೆ ಬಂದವರು ಡಿಸೆಂಬರ್ 25ರವರೆಗೆ ಸತತವಾಗಿ 80 ದಿನ ಇರಬಹುದು. ವಸಂತದ 80 ದಿನಗಳು ದಿನಕ್ಕೊಂದರಂತೆ ಹಿಂದಿನಿಂದ ಕಳಚಿಕೊಳ್ಳುತ್ತಾ ಹೋಗುವುದೇ ಇದಕ್ಕೆ ಕಾರಣ. ಡಿಸೆಂಬರ್ 26ಕ್ಕೆ ಮಾತ್ರ ಮೊತ್ತ 91ಕ್ಕೇರುತ್ತದೆ. ಇದನ್ನು ಬಾಯಿಲೆಕ್ಕದಲ್ಲಿ ಮಾಡಲು ಹೋಗಬೇಡಿ. ಯುರೋಪಿಯನ್ ಒಕ್ಕೂಟದ ಅಧಿಕೃತ ಜಾಲತಾಣದಲ್ಲಿ ಈ ಎಣಿಕೆಗೆಂದೇ ಒಂದು ಗಣಕವಿದೆ. ಅಲ್ಲಿ ದಿನಾಂಕಗಳನ್ನು ತುಂಬಿ ಪರೀಕ್ಷಿಸಿ.

ಗಡಿರೇಖೆ:

ಮೊಹರುಗಳ ಮಾತು ಬಂದದ್ದರಿಂದ ಸೇರಿಸುತ್ತಿದ್ದೇನೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪ್ರವೇಶ ಮತ್ತು ನಿರ್ಗಮನವನ್ನು ವಿದ್ಯುನ್ಮಾನವಾಗಿ ದಾಖಲಿಸುವ ಇಇಎಸ್ ಎಂಬ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಆರು ತಿಂಗಳಲ್ಲಿ, ಅಂದರೆ 2026ರ ಏಪ್ರಿಲ್ 10ರ ಹೊತ್ತಿಗೆ, ಅದು ಎಲ್ಲ ಗಡಿಗಳನ್ನೂ ಒಳಗೊಳ್ಳಬೇಕೆಂಬುದು ನಿಗದಿಯಾಗಿದ್ದ ಕ್ರಮ. ಮೊದಲ ಬಾರಿ ದಾಟುವಾಗ ಮುಖದ ಚಿತ್ರವನ್ನೂ ನಾಲ್ಕು ಬೆರಳುಗಳ ಗುರುತನ್ನೂ ಪಡೆಯುತ್ತಾರೆ. 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಂದ ಬೆರಳಚ್ಚು ಪಡೆಯುವುದಿಲ್ಲ. ಈ ದಾಖಲೆ ಸಾಮಾನ್ಯವಾಗಿ ಕೊನೆಯ ನಿರ್ಗಮನದಿಂದ ಮೂರು ವರ್ಷ ಉಳಿಯುತ್ತದೆ. ದಿನಗಳನ್ನು ಯಂತ್ರವೇ ಕೂಡಿಸುವುದರಿಂದ, ಮೊಹರು ಮಾಸಿದೆ ಎಂಬ ನೆಪಕ್ಕೆ ಇನ್ನು ಜಾಗವಿಲ್ಲ. ಮಿತಿಮೀರಿದರೆ ದಂಡ ಬೀಳಬಹುದು, ಮುಂದಿನ ಪ್ರವೇಶಕ್ಕೆ ನಿಷೇಧವೂ ಬರಬಹುದು. ದಂಡದ ಪ್ರಮಾಣ ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ.

ಇಟಿಯಾಸ್ ಎಂಬುದು ಇದಕ್ಕಿಂತ ಬೇರೆ. ವೀಸಾ ವಿನಾಯಿತಿ ಇರುವವರು ಹೊರಡುವ ಮೊದಲೇ ಅಂತರ್ಜಾಲದಲ್ಲಿ ಪಡೆಯಬೇಕಾದ ಅನುಮತಿ ಅದು. 2026ರ ಕೊನೆಯ ತ್ರೈಮಾಸಿಕದಲ್ಲಿ ಆರಂಭಿಸುವುದಾಗಿ ಒಕ್ಕೂಟ ಪ್ರಕಟಿಸಿದೆ. ಶುಲ್ಕ 20 ಯೂರೋ. 18 ತುಂಬದವರಿಗೂ 70 ದಾಟಿದವರಿಗೂ ಶುಲ್ಕವಿಲ್ಲ. ಒಮ್ಮೆ ದೊರೆತರೆ ಮೂರು ವರ್ಷ, ಅಥವಾ ಪಾಸ್‌ಪೋರ್ಟಿನ ಅವಧಿ ಮೊದಲೇ ಮುಗಿದರೆ ಅಲ್ಲಿಯವರೆಗೆ ನಡೆಯುತ್ತದೆ. ಆರಂಭದ ನಂತರ ಕನಿಷ್ಠ ಆರು ತಿಂಗಳು ಪರಿವರ್ತನೆಯ ಕಾಲವೆಂದೂ, ಆ ಕಾಲದಲ್ಲಿ ಉಳಿದ ಷರತ್ತುಗಳನ್ನು ಪೂರೈಸಿದವರನ್ನು ಇಟಿಯಾಸ್ ಇಲ್ಲವೆಂಬ ಒಂದೇ ಕಾರಣಕ್ಕೆ ಹಿಂದಕ್ಕೆ ಕಳುಹಿಸುವುದಿಲ್ಲವೆಂದೂ ತಿಳಿಸಿದ್ದಾರೆ. ನಿಮ್ಮ ಏಪ್ರಿಲ್ ಪ್ರವೇಶ ಆ ಅವಧಿಯೊಳಗೆ ಬಿದ್ದರೂ ಜುಲೈನ ಮರುಪ್ರವೇಶ ಬೀಳುತ್ತದೆಂಬ ಭರವಸೆಯಿಲ್ಲ. ಹೀಗಾಗಿ ವ್ಯವಸ್ಥೆ ತೆರೆದೊಡನೆ ಅರ್ಜಿ ಹಾಕುವುದೇ ಸರಿ.

ಅರ್ಜಿಯನ್ನು ಅಧಿಕೃತ ತಾಣದಲ್ಲೇ ಸಲ್ಲಿಸಿ. ಬೇರೊಂದು ದೇಶದ ಇಂತಹುದೇ ಅನುಮತಿಗಾಗಿ ನಾನು ಅವಸರದಲ್ಲಿ ಮಧ್ಯವರ್ತಿ ತಾಣವೊಂದರಲ್ಲಿ ವಿವರ ತುಂಬಿ, ಶುಲ್ಕದ ನಾಲ್ಕರಷ್ಟು ಹಣ ತೆತ್ತಿದ್ದೇನೆ. ಅನುಮತಿಯೇನೋ ಬಂತು, ಹಣ ಮಾತ್ರ ಮರಳಲಿಲ್ಲ.

ತೀರಯಾತ್ರಿ:

ಎಲ್ಲರಿಗೂ ಕೃತಜ್ಞತೆಗಳು. ಕ್ರೊಯೇಷಿಯಾದ ವಿಷಯ ತಿಳಿದು ಒಂದು ಕ್ಷಣ ಎದೆ ಧಸಕ್ಕೆಂದಿತು. ಹಾಗಾದರೆ ಆಗಸ್ಟ್ ತಿಂಗಳನ್ನು ಎಲ್ಲಿ ಕಳೆಯಬಹುದು? ಏಡ್ರಿಯಾಟಿಕ್ ಕಡಲನ್ನು ಪೂರ್ತಿಯಾಗಿ ಬಿಟ್ಟುಕೊಡಲು ಪತ್ನಿಗೆ ಮನಸ್ಸಿಲ್ಲ.

ಹೇಳಲು ಮರೆತ ಸಂಗತಿಯೊಂದಿದೆ. ನಮ್ಮ ಅತ್ತೆಯವರೂ ಜೊತೆಗೆ ಬರುತ್ತಿದ್ದಾರೆ. ಬ್ರಿಟನ್ನಿನ ವಾಸದ ಅನುಮತಿಯೊಂದಿಗೆ ನಮ್ಮೊಡನೆಯೇ ಇದ್ದಾರಾದರೂ ಅವರ ಪಾಸ್‌ಪೋರ್ಟ್ ಭಾರತದ್ದು. ನಮ್ಮ ಕುಟುಂಬದವರಾದ್ದರಿಂದ ನಮಗಿರುವ ವಿನಾಯಿತಿ ಅವರಿಗೂ ಅನ್ವಯಿಸುತ್ತದೆಯೇ?

ಕಿತ್ತಳೆತೋಟ:

ಅನ್ವಯಿಸುವುದಿಲ್ಲ. ವಿನಾಯಿತಿ ಸಿಗುವುದು ಪಾಸ್‌ಪೋರ್ಟಿಗೆ. ಅದು ವಾಸದ ಊರಿಗೂ ಸಿಗದು, ಜೊತೆಗಾರರಿಗೂ ಹಬ್ಬದು. ಯಾರಿಗೆ ವೀಸಾ ಬೇಕು, ಯಾರಿಗೆ ಬೇಡ ಎಂಬ ಎರಡು ಪಟ್ಟಿಗಳನ್ನು ಒಕ್ಕೂಟ ಕಾನೂನಿನಲ್ಲೇ ಇಟ್ಟಿದೆ. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಜಪಾನ್, ಸಿಂಗಾಪುರ ಮುಂತಾದವು ವಿನಾಯಿತಿಯ ಪಟ್ಟಿಯಲ್ಲಿವೆ. ಭಾರತ ವೀಸಾ ಬೇಕಾದವರ ಪಟ್ಟಿಯಲ್ಲಿದೆ. ನಿಮ್ಮ ಅತ್ತೆಯವರು ಷೆಂಗೆನ್ ವೀಸಾ ಪಡೆಯಲೇಬೇಕು. ವೀಸಾ ಇರುವವರಿಗೆ ಇಟಿಯಾಸ್ ಬೇಡ, ಅದೊಂದೇ ಅವರಿಗೆ ತಪ್ಪುವ ಕೆಲಸ.

ಅರ್ಜಿಯನ್ನು ಮೊದಲು ಇಳಿಯುವ ದೇಶಕ್ಕೇ ಸಲ್ಲಿಸಬೇಕೆಂದು ಹಲವರು ಭಾವಿಸುತ್ತಾರೆ. ಸಲ್ಲಿಸಬೇಕಾದುದು ಹೆಚ್ಚು ದಿನ ಉಳಿಯುವ ದೇಶಕ್ಕೆ, ನಿಮ್ಮ ಪ್ರವಾಸದಲ್ಲಿ ಗ್ರೀಸಿಗೆ. ಎಲ್ಲಿಯೂ ಹೆಚ್ಚುಕಡಿಮೆ ಇಲ್ಲದೆ ದಿನಗಳು ಸಮವಾಗಿದ್ದರೆ ಮಾತ್ರ ಮೊದಲ ಪ್ರವೇಶದ ದೇಶ ಲೆಕ್ಕಕ್ಕೆ ಬರುತ್ತದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮುಂಚೆಯಾದರೂ ಹಾಕಿರಬೇಕು. ಬೇಸಗೆಯ ಪ್ರವಾಸಕ್ಕೆ ಆ 15 ದಿನಗಳನ್ನು ನಂಬುವವರು ಧೈರ್ಯಶಾಲಿಗಳು ಎನ್ನಬೇಕು, ಏಕೆಂದರೆ ಸಂದರ್ಶನದ ಸಮಯ ಸಿಗುವುದೇ ಕಷ್ಟ. ವಯಸ್ಕರಿಗೆ ಶುಲ್ಕ 2024ರ ಜೂನ್ 11ರಿಂದ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವ ವಿಮೆಯೂ ಕಡ್ಡಾಯ.

ವೀಸಾ ಕೈಗೆ ಬಂದಾಗ ಮೂರು ಸಂಗತಿಗಳನ್ನು ನೋಡಿ. ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಒಂದು. ಆ ಅವಧಿಯೊಳಗೆ ಎಷ್ಟು ದಿನ ವಾಸ ಎಂಬುದು ಇನ್ನೊಂದು. ಅವಧಿ ಆರು ತಿಂಗಳಿದ್ದರೂ ವಾಸ 90 ದಿನಕ್ಕಿಂತ ಕಡಿಮೆ ಇರಬಹುದು. ಎಷ್ಟು ಬಾರಿ ಪ್ರವೇಶ ಎಂಬುದು ಮೂರನೆಯದು, ನಿಮಗೆ ಬಹುಮುಖ್ಯವಾದದ್ದು ಕೂಡ. ಒಂದೇ ಪ್ರವೇಶದ ವೀಸಾ ಕೊಟ್ಟಿದ್ದರೆ ರೋಡ್ಸ್‌ನಿಂದ ಮರ್ಮರಿಸ್‌ಗೆ ಹಡಗು ಹತ್ತಿದ ಕ್ಷಣವೇ ಅದು ಮುಗಿದಂತೆ, ಆಮೇಲೆ ಅವರನ್ನು ಕೋಸ್‌ನಲ್ಲಿ ಇಳಿಸಿಕೊಳ್ಳುವುದಿಲ್ಲ. ಅರ್ಜಿಯೊಡನೆ ಪ್ರವಾಸದ ದಿನವಹಿಯನ್ನು ಸಲ್ಲಿಸುವಾಗ ನಡುವೆ ಹೊರಹೋಗಿ ಮರಳುವುದನ್ನು ಸ್ಪಷ್ಟವಾಗಿ ಬರೆದು, ಬಹುಪ್ರವೇಶದ ವೀಸಾ ಕೇಳಿ.

ದಿನಗಣಕ:

ಅತ್ತೆಯವರ ವಿಷಯದಲ್ಲಿ ಇನ್ನೊಂದು ತೊಡಕು ನನ್ನ ಕಣ್ಣಿಗೆ ಬಿದ್ದಿತು. ಬ್ರಿಟಿಷ್ ಪಾಸ್‌ಪೋರ್ಟಿನವರು 2020ರ ಮಾರ್ಚ್‌ನಿಂದ ಟರ್ಕಿಯಲ್ಲಿ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಇರಬಹುದು. ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್, ಬ್ರಿಟನ್, ಐರ್ಲೆಂಡ್ ಅಥವಾ ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಅನುಮತಿ ಇದ್ದರೆ ಇ-ವೀಸಾ ಸಿಗುತ್ತದೆ, ಆದರೆ ಅದು ಒಂದೇ ಪ್ರವೇಶಕ್ಕೆ, 30 ದಿನಗಳಿಗೆ. ಜೂನ್ 28ರಿಂದ ಜುಲೈ 28ರವರೆಗೆ ಎರಡೂ ದಿನ ಸೇರಿ ಎಣಿಸಿದರೆ 31 ಆಗುತ್ತದೆ! ಮರುಪ್ರಯಾಣವನ್ನು ಜುಲೈ 27ಕ್ಕೆ ಅಥವಾ ಇನ್ನೂ ಹಿಂದಕ್ಕೆ ತನ್ನಿ.

ಹಡಗುಪ್ರಿಯೆ:

ನಾನು ಇನ್ನೂ ಹಿಂದಕ್ಕೆ ತನ್ನಿ ಎಂದೇ ಹೇಳುತ್ತೇನೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈಜಿಯನ್ ಕಡಲಿನ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಆಕಾಶ ಕನ್ನಡಿಯಂತೆ ತಿಳಿಯಾಗಿರುತ್ತದೆ, ಒಂದು ಮೋಡವೂ ಇರುವುದಿಲ್ಲ; ಆದರೂ ಗಾಳಿಯ ಬಲ ಹೆಚ್ಚಿತೆಂದು ಬಂದರಿನ ಅಧಿಕಾರಿಗಳು ಹಡಗುಗಳನ್ನು ತಡೆಹಿಡಿಯುತ್ತಾರೆ. ಮೊದಲು ನಿಲ್ಲುವುದು ಚಿಕ್ಕ ವೇಗದ ದೋಣಿಗಳು. ಕೆಲವು ವರ್ಷಗಳ ಹಿಂದೆ ನಾವು ಹೀಗೆಯೇ ನಾಕ್ಸೋಸ್‌ನಲ್ಲಿ ಎರಡು ದಿನ ಸಿಕ್ಕಿಬಿದ್ದೆವು. ಮುಂದಿನ ವಿಮಾನ ತಪ್ಪಿತು. ಟಿಕೆಟ್ ಮಾರಿದ ಸಂಸ್ಥೆಯವರು ಹಡಗಿನ ಹಣವನ್ನು ಮರಳಿಸಿದರೇ ವಿನಾ ವಿಮಾನದ ಬಗ್ಗೆ ಕಿವಿಗೊಡಲಿಲ್ಲ. ಕೊನೆಯ ಅನುಮತಿಯ ದಿನವೇ ಕೊನೆಯ ಹಡಗು ಎಂಬ ಯೋಜನೆಯನ್ನು ಯಾರೂ ಮಾಡಬಾರದು. ಷೆಂಗೆನ್ ಲೆಕ್ಕದಲ್ಲಿ ನಾಲ್ಕೈದು ದಿನ, ಟರ್ಕಿಯ ಲೆಕ್ಕದಲ್ಲಿ ಎರಡು ಮೂರು ದಿನ ಕೈಯಲ್ಲಿ ಮಿಗಿಸಿಕೊಳ್ಳಿ.

ಹಡಗಿನ ದಾರಿಯ ಬಗ್ಗೆಯೂ ಹೇಳುವುದಿದೆ. ಬಾರ್ಸಿಲೋನಾದಿಂದ ರೋಮಿನ ಬಂದರಾದ ಚಿವಿತಾವೆಕ್ಕಿಯಾಕ್ಕೆ ಸುಮಾರು 20 ಗಂಟೆಯ ಪಯಣ. ಮಲಗಲು ಕೋಣೆ ಕಾಯ್ದಿರಿಸದೆ ಕುರ್ಚಿಯಲ್ಲಿ ರಾತ್ರಿ ಕಳೆಯುವ ಸಾಹಸ ನಿವೃತ್ತರಿಗೆ ಬೇಡ. ಸಿಸಿಲಿಯ ಪೊಜ್ಜಾಲ್ಲೊದಿಂದ ಮಾಲ್ಟಾದ ವಲೆಟ್ಟಾಕ್ಕೆ ಎರಡು ಗಂಟೆಯೊಳಗೆ ತಲುಪುತ್ತೀರಿ. ಮಾಲ್ಟಾದಿಂದ ಗ್ರೀಸಿಗೆ ಮಾತ್ರ ಪ್ರಯಾಣಿಕರ ನೇರ ಹಡಗಿಲ್ಲ. ಅಲ್ಲಿ ವಿಮಾನ ಹಿಡಿಯಿರಿ, ಅಥವಾ ಇಟಲಿಗೇ ಮರಳಿ ಬಾರಿ ಬಂದರಿನಿಂದ ಪಾತ್ರಾಸ್‌ಗೆ, ಇಲ್ಲವೇ ಬ್ರಿಂಡಿಸಿಯಿಂದ ಇಗುಮೆನಿತ್ಸಾಕ್ಕೆ ದಾಟಿ. ಇವೆಲ್ಲ ಷೆಂಗೆನ್ ಒಳಗಿನ ಸಂಚಾರಗಳಾದ್ದರಿಂದ ಸಾಮಾನ್ಯವಾಗಿ ಗಡಿ ತಪಾಸಣೆ ಇರುವುದಿಲ್ಲ, ಆದರೂ ಪಾಸ್‌ಪೋರ್ಟ್ ಕೈಯಲ್ಲಿರಲೇಬೇಕು. ರೋಡ್ಸ್–ಮರ್ಮರಿಸ್ ಮತ್ತು ಬೋಡ್ರುಮ್–ಕೋಸ್ ದಾರಿಗಳು ಒಂದೊಂದು ಗಂಟೆಯ ಆಸುಪಾಸಿನವಾದರೂ ಅವು ಒಕ್ಕೂಟದ ಹೊರಗಡಿಗಳು. ಚಿಕ್ಕ ಬಂದರು, ಒಂದೆರಡೇ ಕಿಂಡಿ, ಮೇಲೆ ಬೆರಳಚ್ಚಿನ ಕೆಲಸ. ಸರದಿಯಲ್ಲಿ ಕಳೆಯುವ ಹೊತ್ತು ಕಡಲಿನ ಮೇಲೆ ಕಳೆದುದಕ್ಕಿಂತ ಹೆಚ್ಚಾದರೆ ಅಚ್ಚರಿಪಡಬೇಡಿ.

ಮರೆಯುವ ಮುನ್ನ ಇನ್ನೊಂದು: ಟರ್ಕಿಯಿಂದ ಮರಳುವಾಗ ಚೀಸ್, ಮಾಂಸದ ಪದಾರ್ಥಗಳನ್ನು ಚೀಲದಲ್ಲಿ ಇಟ್ಟುಕೊಳ್ಳಬೇಡಿ. ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವುದಕ್ಕೆ ನಿಷೇಧವಿದೆ. ಬಂದರಿನಲ್ಲಿ ಅವನ್ನು ಕಸದ ತೊಟ್ಟಿಗೆ ಹಾಕಿಸುತ್ತಾರೆ.

ಗಡಿರೇಖೆ:

ಆಗಸ್ಟ್ ತಿಂಗಳಿಗೆ ಅಲ್ಬೇನಿಯಾ ಮತ್ತು ಮಾಂಟೆನೆಗ್ರೊಗಳನ್ನು ಸೂಚಿಸುತ್ತೇನೆ. ಕಡಲು ಅದೇ ಏಡ್ರಿಯಾಟಿಕ್, ಬೆಟ್ಟಗಳು ನೀರಿಗೇ ಇಳಿದುಬರುವ ನೋಟವೂ ಅದೇ. ಎರಡೂ ದೇಶಗಳು ಷೆಂಗೆನ್ ಹೊರಗಿದ್ದು, ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ತಲಾ 90 ದಿನಗಳ ಅವಕಾಶ ನೀಡುತ್ತವೆ. ಗ್ರೀಸಿನ ಕೊರ್ಫು ದ್ವೀಪದಿಂದ ಅಲ್ಬೇನಿಯಾದ ಸರಾಂಡಾಕ್ಕೆ ವೇಗದ ದೋಣಿಯಲ್ಲಿ ಅರ್ಧ ಗಂಟೆ ಸಾಕು. ಅಲ್ಲಿಗೆ ಹತ್ತಿರದಲ್ಲೇ ಬುಟ್ರಿಂಟ್‌ನ ಪ್ರಾಚೀನ ಅವಶೇಷಗಳಿವೆ. ಉತ್ತರಕ್ಕೆ ಸಾಗಿದರೆ ಮಾಂಟೆನೆಗ್ರೊದ ಕೋಟೊರ್ ಕೊಲ್ಲಿ ಸಿಗುತ್ತದೆ. ಅತ್ತೆಯವರ ಬಹುಪ್ರವೇಶದ ಷೆಂಗೆನ್ ವೀಸಾ ಇಲ್ಲಿ ಇನ್ನೊಮ್ಮೆ ಉಪಯೋಗಕ್ಕೆ ಬರುತ್ತದೆ: ಅಂತಹ ವೀಸಾವನ್ನು ಒಮ್ಮೆಯಾದರೂ ಬಳಸಿದವರನ್ನು ಅಲ್ಬೇನಿಯಾ ಪ್ರತ್ಯೇಕ ವೀಸಾ ಇಲ್ಲದೆ ಬಿಡುತ್ತದೆ, ಮಾಂಟೆನೆಗ್ರೊ 30 ದಿನಗಳವರೆಗೆ ಬಿಡುತ್ತದೆ. ವೀಸಾದ ಅವಧಿ ಆಗಸ್ಟ್ ಕೊನೆಯವರೆಗೆ ಚಾಲ್ತಿಯಲ್ಲಿ ಇರುವಂತೆ ನೋಡಿಕೊಳ್ಳಿ.

ಮಾಂಟೆನೆಗ್ರೊದಲ್ಲಿ ತಲುಪಿದ 24 ಗಂಟೆಯೊಳಗೆ ವಾಸದ ವಿಳಾಸವನ್ನು ನೋಂದಾಯಿಸಬೇಕು. ಹೋಟೆಲಿನವರು ಅದನ್ನು ತಾವೇ ಮಾಡುತ್ತಾರೆ. ಖಾಸಗಿ ಮನೆಯನ್ನು ಬಾಡಿಗೆಗೆ ಪಡೆದಿದ್ದರೆ ಮನೆಯೊಡೆಯರು ಮಾಡಿದ್ದಾರೆಯೇ ಎಂದು ಕೇಳಿ, ಚೀಟಿ ಪಡೆದುಕೊಳ್ಳಿ. ಒಕ್ಕೂಟದ ಸದಸ್ಯನಲ್ಲದಿದ್ದರೂ ಅಲ್ಲಿ ನಡೆಯುವುದು ಯೂರೋ ನಾಣ್ಯವೇ. ಅಲ್ಬೇನಿಯಾದ ಲೆಕ್ ನಾಣ್ಯವನ್ನು ಮಾತ್ರ ಹೊರಡುವ ಮೊದಲು ಖರ್ಚು ಮಾಡಿಬಿಡಿ. ಗಡಿಯ ಆಚೆ ಅದನ್ನು ಬದಲಾಯಿಸಿಕೊಳ್ಳುವುದು ಕಷ್ಟ.

ಸಂದೇಹಿ:

ನನ್ನ ಹಿಂದಿನ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಸೈಪ್ರಸ್ಸನ್ನು ಯಾರೂ ಹೆಸರಿಸಲಿಲ್ಲವಲ್ಲ? ಅದು ಯುರೋಪಿಯನ್ ಒಕ್ಕೂಟದಲ್ಲಿ ಇದೆ, ಹಾಗಾಗಿ 90 ದಿನಗಳೊಳಗೆ ಸೇರುತ್ತದೆಯೇ? ಮೊರಾಕೊ, ಟುನೀಸಿಯಾ ಕೂಡ ಮೆಡಿಟರೇನಿಯನ್ ತೀರದವೇ.

ಹಳೆಯ ಪಾಸ್‌ಪೋರ್ಟ್:

ಒಕ್ಕೂಟವೇ ಬೇರೆ, ಷೆಂಗೆನ್ ಪ್ರದೇಶವೇ ಬೇರೆ. ಸೈಪ್ರಸ್ 2004ರಿಂದ ಒಕ್ಕೂಟದ ಸದಸ್ಯ, ಷೆಂಗೆನ್‌ಗೆ ಮಾತ್ರ ಇನ್ನೂ ಸೇರಿಲ್ಲ. ಅಲ್ಲಿ ಕಳೆದ ದಿನಗಳನ್ನು ಪ್ರತ್ಯೇಕವಾಗಿಯೇ ಎಣಿಸುತ್ತಾರೆ. ಇಇಎಸ್ ಅಲ್ಲಿಗೆ ಅನ್ವಯಿಸುವುದಿಲ್ಲ, ಆದರೆ ಇಟಿಯಾಸ್ ಅನ್ವಯಿಸಲಿದೆ! ದ್ವೀಪಕ್ಕೆ, ಟರ್ಕಿ ಬೆಂಬಲಿತ ಪ್ರತ್ಯೇಕ ಆಡಳಿತವಿರುವ ಉತ್ತರ ಭಾಗದ ಬಂದರು ಅಥವಾ ಎರ್ಜಾನ್ ವಿಮಾನ ನಿಲ್ದಾಣದ ಮೂಲಕ ಇಳಿಯುವುದನ್ನು ಸೈಪ್ರಸ್ ಗಣರಾಜ್ಯ ಅಕ್ರಮ ಪ್ರವೇಶವೆಂದು ಪರಿಗಣಿಸುತ್ತದೆ. ಲಾರ್ನಕಾ ಅಥವಾ ಪಾಫೋಸ್‌ನಲ್ಲಿ ಇಳಿದು, ಬೇಕೆನಿಸಿದರೆ ನಿಕೋಸಿಯಾದ ಲೆಡ್ರಾ ಬೀದಿಯ ದಾಟುದಾರಿಯಿಂದ ಉತ್ತರಕ್ಕೆ ನಡೆದುಹೋಗಿ ಬರಬಹುದು.

ಮೊರಾಕೊ, ಟುನೀಸಿಯಾಗಳು ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ವೀಸಾ ಇಲ್ಲದೆ 90 ದಿನ ಕೊಡುತ್ತವೆ. ಟುನೀಸಿಯಾದ ದಿನಾರನ್ನು ದೇಶದ ಒಳಗೆ ತರುವುದಕ್ಕೂ ಹೊರಗೆ ಒಯ್ಯುವುದಕ್ಕೂ ಅನುಮತಿಯಿಲ್ಲ. ತೀರಯಾತ್ರಿಯವರು ದಾರಿಯನ್ನು ಈಗ ಅಷ್ಟು ದೂರ ತಿರುಗಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಅವರಿಗೆ ನನ್ನ ಪ್ರಶ್ನೆ ಬೇರೆಯೇ ಇದೆ. ನಿಮ್ಮ ಪಾಸ್‌ಪೋರ್ಟ್‌ಗಳನ್ನು ಕೊಟ್ಟ ದಿನ ಯಾವುದು? ಮುಗಿಯುವ ದಿನವನ್ನಲ್ಲ, ಕೊಟ್ಟ ದಿನವನ್ನು ಕೇಳುತ್ತಿದ್ದೇನೆ.

ತೀರಯಾತ್ರಿ:

ನನ್ನದು 2022ರಲ್ಲಿ ನವೀಕರಿಸಿದ್ದು. ಪತ್ನಿಯದನ್ನು 2017ರ ಮೇ 20ರಂದು ಕೊಟ್ಟಿದ್ದಾರೆ, 2028ರ ಜನವರಿ 20ರವರೆಗೆ ಅವಧಿಯಿದೆ. ಪ್ರವಾಸ ಮುಗಿದ ಮೇಲೂ ಸುಮಾರು ಐದು ತಿಂಗಳು ಉಳಿಯುತ್ತದೆಯಲ್ಲ?

ಹಳೆಯ ಪಾಸ್‌ಪೋರ್ಟ್:

ನನ್ನ ಅನುಮಾನ ನಿಜವಾಯಿತು. ನೋಡಬೇಕಾದ ಷರತ್ತುಗಳು ಎರಡು, ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಷೆಂಗೆನ್ ಪ್ರದೇಶದಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು ಎಂಬುದನ್ನು ಪತ್ನಿಯವರ ಪಾಸ್‌ಪೋರ್ಟ್ ಪೂರೈಸುತ್ತದೆ. ಪ್ರವೇಶದ ದಿನಕ್ಕೆ ಅದನ್ನು ಕೊಟ್ಟು ಹತ್ತು ವರ್ಷ ಮೀರಿರಬಾರದು ಎಂಬುದು ಎರಡನೆಯದು. 2018ರ ಸೆಪ್ಟೆಂಬರ್‌ವರೆಗೆ ಬ್ರಿಟನ್ನಿನಲ್ಲಿ ಹಳೆಯ ಪಾಸ್‌ಪೋರ್ಟಿನ ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಿದ್ದರು. ಹೀಗಾಗಿ ಹತ್ತು ವರ್ಷ ಎಂಟು ತಿಂಗಳು ನಡೆಯುವ ಪಾಸ್‌ಪೋರ್ಟ್‌ಗಳು ಇನ್ನೂ ಜನರ ಕೈಯಲ್ಲಿವೆ. ಆ ಹೆಚ್ಚುವರಿ ತಿಂಗಳುಗಳು ಷೆಂಗೆನ್ ಪ್ರವೇಶಕ್ಕೆ ನಡೆಯುವುದಿಲ್ಲ.

ಇದರ ಪರಿಣಾಮ ವಿಚಿತ್ರವಾದುದು. ಏಪ್ರಿಲ್ 10ರಂದು ನಿಮ್ಮ ಪತ್ನಿಯವರನ್ನು ಬಾರ್ಸಿಲೋನಾದಲ್ಲಿ ಯಾವ ತಕರಾರೂ ಇಲ್ಲದೆ ಬಿಡುತ್ತಾರೆ, ಏಕೆಂದರೆ ಅಂದಿಗೆ ಹತ್ತು ವರ್ಷ ತುಂಬಿರುವುದಿಲ್ಲ. ಮೇ 20ಕ್ಕೆ ಅದು ತುಂಬಿಹೋಗುತ್ತದೆ. ಜುಲೈ ಕೊನೆಯಲ್ಲಿ ಟರ್ಕಿಯಿಂದ ಕೋಸ್‌ಗೆ ಬಂದಾಗ ಅದೇ ಪಾಸ್‌ಪೋರ್ಟಿನಲ್ಲಿ ಪ್ರವೇಶ ನಿರಾಕರಿಸಬಹುದು, ಬೋಡ್ರುಮ್‌ನಲ್ಲೇ ಹಡಗು ಹತ್ತಿಸಿಕೊಳ್ಳದೆಯೂ ಇರಬಹುದು. ಮೊದಲ ಬಾರಿ ಬಿಟ್ಟರಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಈ ತಪ್ಪನ್ನು ನಾನೇ ವಿಮಾನ ನಿಲ್ದಾಣವೊಂದರ ಕಿಂಡಿಯೆದುರು ಕಲಿತವನಾದ್ದರಿಂದ ಎಲ್ಲೆಡೆ ಇದೇ ಪ್ರಶ್ನೆ ಕೇಳುತ್ತಿರುತ್ತೇನೆ. ಇಟಿಯಾಸ್‌ಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟನ್ನು ನವೀಕರಿಸಿ, ಏಕೆಂದರೆ ಆ ಅನುಮತಿ ಪಾಸ್‌ಪೋರ್ಟಿಗೇ ಅಂಟಿಕೊಂಡಿರುತ್ತದೆ; ಪಾಸ್‌ಪೋರ್ಟ್ ಬದಲಾದರೆ ಹೊಸದಾಗಿ ಪಡೆಯಬೇಕು. ಟರ್ಕಿಗೂ ಪ್ರವೇಶದ ದಿನದಿಂದ 150 ದಿನಗಳ ಅವಧಿ ಇರಬೇಕೆಂಬ ಷರತ್ತಿದೆ.

ಕಿತ್ತಳೆತೋಟ:

ಗಡಿಯಲ್ಲಿ ಕೇಳಬಹುದಾದ ಕಾಗದಗಳ ಬಗ್ಗೆ ಚುಟುಕಾಗಿ. ವೀಸಾ ಬೇಡದವರನ್ನೂ ಪ್ರವಾಸದ ಉದ್ದೇಶವೇನು, ಎಲ್ಲಿ ಉಳಿಯುತ್ತೀರಿ, ಖರ್ಚಿಗೆ ಹಣವಿದೆಯೇ, ಮರಳುವುದು ಹೇಗೆ ಎಂದು ಅಧಿಕಾರಿ ಕೇಳಬಹುದು. ಷೆಂಗೆನ್ ಗಡಿ ಸಂಹಿತೆಯೇ ಆ ಅಧಿಕಾರವನ್ನು ಕೊಟ್ಟಿದೆ. ನಾಲ್ಕೂವರೆ ತಿಂಗಳ ಪ್ರತಿ ರಾತ್ರಿಯ ಹೋಟೆಲ್ ರಸೀದಿ ಇರಬೇಕೆಂದೇನಿಲ್ಲ. ಮೊದಲ ಕೆಲವು ವಾಸಗಳ ಕಾಯ್ದಿರಿಸುವಿಕೆ, ರೋಡ್ಸ್‌ನಿಂದ ಹೊರಡುವ ಹಡಗಿನ ಟಿಕೆಟ್, ಬ್ಯಾಂಕಿನ ವಿವರಪಟ್ಟಿ, ವಿಮೆಯ ಪ್ರತಿ ಇವಿಷ್ಟು ಒಂದು ಕಡತದಲ್ಲಿರಲಿ. ನಿಮ್ಮಿಬ್ಬರಿಗೆ ವಿಮೆ ಕಡ್ಡಾಯವಲ್ಲ. ಕಡ್ಡಾಯವಲ್ಲವೆಂದು ಅದಿಲ್ಲದೆ ಹೊರಡುವವರನ್ನು ಕಂಡರೆ ನನಗೆ ಅಚ್ಚರಿ. ದ್ವೀಪವೊಂದರಲ್ಲಿ ಕಾಲು ಮುರಿದುಕೊಂಡರೆ ದೊಡ್ಡ ಆಸ್ಪತ್ರೆ ಇರುವುದು ಕಡಲಿನ ಆಚೆ.

ತೀರಯಾತ್ರಿ:

ನಿನ್ನೆ ಮೂವರೂ ಕುಳಿತು ಯೋಜನೆಯನ್ನು ಹೊಸದಾಗಿ ಬರೆದೆವು. ಏಪ್ರಿಲ್ 10ರಿಂದ ಜೂನ್ 28ರವರೆಗೆ ಬದಲಾವಣೆಯಿಲ್ಲ, 80 ದಿನಗಳು. ಟರ್ಕಿಯಿಂದ ಜುಲೈ 25ಕ್ಕೆ ಮರಳುತ್ತೇವೆ. ಅಲ್ಲಿಗೆ ಅತ್ತೆಯವರ ಲೆಕ್ಕದಲ್ಲಿ 28 ದಿನ, ಎರಡು ದಿನ ಮಿಗುತ್ತದೆ. ಕೋಸ್‌ನಿಂದ ಅಥೆನ್ಸ್ ಮಾರ್ಗವಾಗಿ ಕೊರ್ಫು ತಲುಪಿ, ಜುಲೈ 30ರಂದು ಸರಾಂಡಾಕ್ಕೆ ದಾಟಿದರೆ ಇನ್ನೂ ಆರು ದಿನ ಸೇರಿ 86. ಆಮೇಲೆ ಅಲ್ಬೇನಿಯಾದಲ್ಲಿ ಎರಡು ವಾರ, ಮಾಂಟೆನೆಗ್ರೊದಲ್ಲಿ ಎರಡು ವಾರ. ಕೋಟೊರ್‌ನಿಂದ ಕ್ರೊಯೇಷಿಯಾದ ಡುಬ್ರೋವ್ನಿಕ್‌ಗೆ ಹೋಗಿ ಒಂದು ರಾತ್ರಿ ಇದ್ದು ಬರಬೇಕೆಂಬುದು ಪತ್ನಿಯ ಆಸೆ, ಎರಡು ದಿನ ಸೇರಿ 88. ಇದು ಸರಿಯೇ?

ದಿನಗಣಕ:

ಲೆಕ್ಕ ಸರಿಯಿದೆ. ಡುಬ್ರೋವ್ನಿಕ್ ಮೂರನೆಯ ಪ್ರವೇಶವಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಅತ್ತೆಯವರಿಗೆ ಎರಡು ಪ್ರವೇಶದ ವೀಸಾ ಸಿಕ್ಕರೆ ಅವರು ಕೋಟೊರ್‌ನಲ್ಲೇ ಉಳಿಯಬೇಕಾಗುತ್ತದೆ, ಅವರೊಡನೆ ಒಬ್ಬರು ಉಳಿಯಬೇಕಾಗುತ್ತದೆ. ಅದೂ ಅಲ್ಲದೆ, ಎರಡು ಪ್ರವೇಶದ ವೀಸಾವನ್ನು ಅಲ್ಬೇನಿಯಾ ಬಹುಪ್ರವೇಶದ್ದೆಂದು ಎಣಿಸದೆಯೂ ಇರಬಹುದು. ಆಗ ಅವರು ಬ್ರಿಟನ್ನಿನ ವಾಸದ ಅನುಮತಿಯ ಆಧಾರದಲ್ಲೇ ಅಲ್ಲಿಗೆ ಹೋಗಬೇಕು. ಡುಬ್ರೋವ್ನಿಕ್ ಕೋಟೆಯ ಟಿಕೆಟ್‌ಗಳನ್ನು ವೀಸಾ ಬಂದ ಮೇಲೆ ಕೊಂಡರಾಯಿತು.

ಹಡಗುಪ್ರಿಯೆ:

ಕೊರ್ಫುವಿನಿಂದ ಬೆಳಗಿನ ದೋಣಿಯನ್ನೇ ಹಿಡಿಯಿರಿ, ಮಧ್ಯಾಹ್ನದ ಹೊತ್ತಿಗೆ ಆ ಕಿಂಡಿಯೆದುರಿನ ಸರದಿ ಬಿಸಿಲಿಗೇ ಬರುತ್ತದೆ. ಮಾಂಟೆನೆಗ್ರೊದಲ್ಲಿ ಕಾರು ಬಾಡಿಗೆಗೆ ಪಡೆದು ಡುಬ್ರೋವ್ನಿಕ್‌ಗೆ ಹೋಗುವುದಾದರೆ ಗಡಿ ದಾಟಲು ಲಿಖಿತ ಅನುಮತಿಯನ್ನೂ ಗ್ರೀನ್ ಕಾರ್ಡ್ ಎಂಬ ವಿಮಾಪತ್ರವನ್ನೂ ಕೇಳಿ ಪಡೆಯಿರಿ. ಆಗಸ್ಟ್ ತಿಂಗಳಲ್ಲಿ ಆ ಗಡಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ನಾನಾಗಿದ್ದರೆ ಬಸ್ಸಿನಲ್ಲಿ ಹೋಗುತ್ತಿದ್ದೆ.

ತೀರಯಾತ್ರಿ:

ಬಸ್ಸಿನಲ್ಲೇ ಹೋಗುತ್ತೇವೆ. ಪತ್ನಿಯ ಪಾಸ್‌ಪೋರ್ಟ್ ನವೀಕರಣಕ್ಕೆ ಇಂದು ಬೆಳಿಗ್ಗೆ ಅರ್ಜಿ ಸಲ್ಲಿಸಿದೆವು. ಗ್ರೀಸಿನ ವೀಸಾ ಸಂದರ್ಶನಕ್ಕೆ ಅಕ್ಟೋಬರ್ ಕೊನೆಯ ವಾರದಲ್ಲಿ ಸಮಯ ಹುಡುಕಬೇಕು. ಅತ್ತೆಯವರು ಬಹುಪ್ರವೇಶ ಎಂಬ ಪದವನ್ನು ಈಗಾಗಲೇ ಬಾಯಿಪಾಠ ಮಾಡಿಕೊಂಡಿದ್ದಾರೆ.